ಕಾಲಿನ ಚೀಟಿ

ಕುಂಟಿದ್ದು ಮೂರೇ ಹೆಜ್ಜೆ. ಕಾರಿನಿಂದ ಇಳಿದು, ತಗಡಿನ ನೆರಳಲ್ಲಿ ಮೇಜು ಹಾಕಿಕೊಂಡು ಕೂತಿದ್ದ ಹೆಂಗಸಿನ ತನಕ ಹೋಗಲು ಒಟ್ಟು ಹತ್ತು ಹೆಜ್ಜೆ ಇದ್ದಿರಬೇಕು. ಏಳನ್ನು ವಿಜಯಲಕ್ಷ್ಮೀ ಎಲ್ಲರಂತೆಯೇ ನಡೆದಿದ್ದಳು. ಎಂಟನೆಯದಕ್ಕೆ ಬಲಗಾಲು ತಾನಾಗಿಯೇ ಹಿಂದೆ ಉಳಿಯಿತು, ಪಾದದ ಹೊರ ಅಂಚು ಮಣ್ಣನ್ನು ಸವರಿತು, ಸೊಂಟ ಒಂದು ಕಡೆಗೆ ವಾಲಿ ಮತ್ತೆ ನೆಟ್ಟಗಾಯಿತು. ಅರವತ್ತೊಂಬತ್ತು ವರ್ಷದಲ್ಲಿ ಒಂದು ದಿನವೂ ನೋಯದ ಕಾಲು ಅದು. ಯೋಚಿಸಿ ಮಾಡಿದ್ದಾದರೆ ಕಾರಿನ ಬಾಗಿಲಲ್ಲೇ ಶುರು ಮಾಡುತ್ತಿದ್ದೆನಲ್ಲ ಎಂದು ಆಮೇಲೆ ಅವಳು ಎಷ್ಟೋ ಸಲ ತನಗೇ ಹೇಳಿಕೊಂಡಳು. ಆದರೆ ಅಷ್ಟು ಸಲೀಸಾಗಿ, ಅಷ್ಟು ಸರಿಯಾಗಿ ಬಂದದ್ದನ್ನು ಯೋಚಿಸದೆ ಬಂದದ್ದು ಎನ್ನಲು ಧೈರ್ಯವೂ ಆಗಲಿಲ್ಲ.

ಹೋದ ಸಲ ಬಂದಾಗ ಕಾರು ಕರಡಿ ನೋಡುವ ಗೋಪುರದ ಬುಡದ ತನಕ ಹೋಗಿತ್ತು. ಆ ನೆನಪಿನ ಮೇಲೆಯೇ ಅವಳು ಬೆಳಿಗ್ಗೆ ಹೊಸಪೇಟೆಯ ಮನೆಯಲ್ಲಿ ತಿಂಡಿ ಬಡಿಸುತ್ತ ಬೀಗಿತ್ತಿ ಚಂದ್ರಕಲಾಗೆ, ನಮ್ಮ ಕಡೆಯ ಕರಡಿ ತೋರಿಸ್ತೀನಿ, ನೀವು ಒಂದು ಹೆಜ್ಜೆ ನಡೀಬೇಕಾಗಿಲ್ಲ ಎಂದು ಹೇಳಿಬಿಟ್ಟಿದ್ದಳು. ಮಗಳು ಅರ್ಚಿತಾಳನ್ನು ಮೈಸೂರಿಗೆ ಕೊಟ್ಟು ಎಂಟು ವರ್ಷವಾಗಿತ್ತು. ಎಂಟು ವರ್ಷದಲ್ಲಿ ಅತ್ತೆ ಈ ಕಡೆ ಬಂದದ್ದು ಇದೇ ಮೊದಲು, ಅದೂ ಯಾರದೋ ಮುಂಜಿಗೆಂದು ಬಂದವರು ಎರಡು ದಿನ ಉಳಿದಿದ್ದರು. ಹಂಪಿಯ ಕಲ್ಲುಮಂಟಪದ ನೆರಳು ನೋಡಿ, ಚೆನ್ನಾಗಿದೆ, ಆದರೆ ಬಿಸಿಲು ಜಾಸ್ತಿ ಎಂದಿದ್ದರು. ಮಂಡಕ್ಕಿ ಮಿರ್ಚಿ ತಿಂದು, ಇದೆಲ್ಲ ಈಗ ಮೈಸೂರಲ್ಲೂ ಸಿಗತ್ತೆ ಎಂದಿದ್ದರು. ಬಾಳೆಯ ತೋಟದ ನಡುವೆ ಕಮಲಾಪುರ ದಾಟಿ ಇಲ್ಲಿಗೆ ಬಂದರೆ ಗೇಟಿನ ಹತ್ತಿರ ಹೊಸ ಹಲಗೆ: ಎಲ್ಲಾ ವಾಹನಗಳು ಕೆಳಗಿನ ಮೈದಾನದಲ್ಲೇ ನಿಲ್ಲಬೇಕು, ನಿಲ್ಲಿಸಲು ಇಷ್ಟು ಶುಲ್ಕ, ಅಲ್ಲಿಂದ ಗೋಪುರಕ್ಕೆ ಒಂದೂವರೆ ಕಿಲೋಮೀಟರು ಕಾಲುನಡಿಗೆ, ನಡೆಯಲಾಗದವರಿಗೆಂದು ದಿನಕ್ಕೆ ಆರು ವಾಹನಗಳಿಗೆ ಮಾತ್ರ ಮೇಲಿನ ಪರವಾನಗಿ. ಬಾಡಿಗೆ ಕಾರಿನ ಡ್ರೈವರ್ ಜಂಬುನಾಥ ಹಲಗೆಯನ್ನು ನೋಡದೆಯೇ, "ಅದಕ್ಕ ಇಲ್ಲೆ ಕಾಲಿನ ಚೀಟಿ ಅಂತಾರ್ರೀ. ವಾಹನದ ಸಪ್ಪಳಕ್ಕ ಕರಡಿ ಬರೂದು ಬಿಟ್ಟಿದ್ವಂತ" ಎಂದ. ಚಂದ್ರಕಲಾ ಕಿಟಕಿಯಿಂದ ಬಿಸಿಲನ್ನು ನೋಡಿದರು, ಆಮೇಲೆ ತಮ್ಮ ಹೊಸ ಚಪ್ಪಲಿಯ ಬೆಳ್ಳಿಬಣ್ಣದ ಪಟ್ಟಿಯನ್ನು. "ಪರವಾಗಿಲ್ಲ ಬಿಡಿ. ಇಲ್ಲೇ ಎಲ್ಲಾದ್ರೂ ಒಂದು ಎಳನೀರು ಕುಡ್ಕೊಂಡು ವಾಪಸ್ ಹೋಗೋಣ. ಕರಡಿ ಏನು, ಮೈಸೂರಲ್ಲೂ ಇದೆ."

ಆಗಲೇ ವಿಜಯಲಕ್ಷ್ಮೀ ಬಾಗಿಲು ತೆರೆದು ಇಳಿದದ್ದು.

ಮೇಜಿನ ಹೆಂಗಸು ಸೀರೆಯ ಮೇಲೆ ಖಾಕಿ ಅಂಗಿ ತೊಟ್ಟಿದ್ದಳು. ಜೇಬಿನ ಮೇಲೆ ಹೆಸರಿನ ಪಟ್ಟಿ: ನೀಲಗಂಗಮ್ಮ. ಅವಳು ಮುಖ ನೋಡುವ ಮೊದಲು ಕಾಲು ನೋಡಿದಳು.

"ಯಾವ ಕಾಲ್ರೀ ಅಮ್ಮಾ?"

"ಬಲಗಾಲು."

"ಭಾಳ ದಿನದ್ದೇನ್ರೀ?"

"ಸಣ್ಣಾಕಿ ಇದ್ದಾಗಿಂದ," ಎಂದಳು ವಿಜಯಲಕ್ಷ್ಮೀ. ಈ ಎರಡನೆಯ ಸುಳ್ಳು ಎಲ್ಲಿಂದ ಬಂತೆಂದು ಅವಳಿಗೇ ತಿಳಿಯಲಿಲ್ಲ. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಅಂಥ ಕಾಲೊಂದು ಇತ್ತು, ಬೇರೆಯವರದು.

ನೀಲಗಂಗಮ್ಮ ತಲೆ ಎತ್ತಿ ಕಾರಿನ ಕಡೆ ನೋಡಿದಳು. ಚಂದ್ರಕಲಾ ಮಡಿಸಿದ ವೃತ್ತಪತ್ರಿಕೆಯಿಂದ ಗಾಳಿ ಹಾಕಿಕೊಳ್ಳುತ್ತಿದ್ದರು.

"ಬೀಗ್ತೇರೇನ್ರೀ?"

"ಹೌದು. ನಿನಗ ಹೆಂಗ ಗೊತ್ತಾತು?"

"ನೀವು ಕಾರಿನ ಬಾಗಲಾ ಹಾಕಿದ್ದು ನೋಡಿದೆ. ಭಾಳ ನಾಜೂಕಾಗಿ ಹಾಕಿದ್ರಿ. ಮನಿಯೋರಿದ್ರ ಧಡ್ ಅಂತ ಹಾಕ್ತಾರ." ನಕ್ಕು, ಪುಸ್ತಕ ತೆರೆದಳು. "ಹಂಗಾರ ಆತು ಬಿಡ್ರಿ."

ಕಾರಿನ ನಂಬರು ಬರೆದಳು, ಹೆಸರು ಕೇಳಿ ಬರೆದಳು, 'ಕಾರಣ' ಎಂದಿದ್ದ ಕಡೆ ದುಂಡಗೆ, ಶಾಲೆಯಲ್ಲಿ ಕಾಪಿ ಬರೆಯುವವರ ಹಾಗೆ, 'ಬಲಗಾಲು' ಎಂದು ಬರೆದಳು. ಹಳದಿ ಚೀಟಿಯನ್ನು ಹರಿದು ಕೊಡುತ್ತ, "ಇದ ಕಡೀದು ನೋಡ್ರಿ, ಆರನೇದು. ನಿಮ್ಮ ನಸೀಬ ಚಲೋ ಐತಿ" ಎಂದಳು. ವಿಜಯಲಕ್ಷ್ಮೀ ತಿರುಗುವಷ್ಟರಲ್ಲಿ ಹಿಂದಿನಿಂದ ಕರೆದು, ಮೇಜಿಗೆ ಒರಗಿಸಿದ್ದ ಬಿದಿರಿನ ಕೋಲನ್ನು ತಂದು ಕೈಗಿಟ್ಟಳು. "ಮ್ಯಾಲ ಮೆಟ್ಲ ಅದಾವ. ಊರಿಕೊಂಡು ಹತ್ರಿ. ಬರೂವಾಗ ಕೊಟ್ರಾತು."

"ನಿನಗ ಬೇಕಾಗ್ತದಲ್ಲ?"

"ಮಂಗ್ಯಾ ಹೊಡ್ಯಾಕ ಇಟ್ಕೊಂಡೀನ್ರೀ. ಒಂದಿನ ಅವೂ ಆರಾಮಿರ್ಲಿ ತಗೋರಿ."

ಕಾರಿನ ತನಕ ಹತ್ತು ಹೆಜ್ಜೆಯನ್ನೂ ಕುಂಟಬೇಕಾಯಿತು. ಅದೆಷ್ಟು ದೂರ! ಬೆನ್ನಿನ ಮೇಲೆ ಆ ಹೆಂಗಸಿನ ಕಣ್ಣಿದೆಯೋ ಇಲ್ಲವೋ ಎಂದು ತಿರುಗಿ ನೋಡುವಂತೆಯೂ ಇರಲಿಲ್ಲ. ಜಂಬುನಾಥ ಇಳಿದು ಬಂದು ಬಾಗಿಲು ಹಿಡಿದ. ಹೊಸಪೇಟೆಯ ಮನೆಯಿಂದ ಎರಡು ಮೆಟ್ಟಿಲನ್ನು ಒಟ್ಟಿಗೆ ಇಳಿದು ಬಂದವಳನ್ನು ಅವನು ಬೆಳಿಗ್ಗೆ ನೋಡಿದ್ದ. ಈಗ ಕೋಲನ್ನು ಇಸಿದುಕೊಂಡು ಸೀಟಿನ ಪಕ್ಕ ಇಡುವಾಗ ಅವನ ಮುಖ ಗೇರ್ ಹಾಕುವಾಗ ಇರುವಷ್ಟೇ ಖಾಲಿಯಾಗಿತ್ತು. ಗೇಟು ದಾಟಿದ ಮೇಲೆ ಚಂದ್ರಕಲಾ ತಡೆದಿಟ್ಟ ನಗುವನ್ನೆಲ್ಲ ಒಟ್ಟಿಗೆ ಬಿಟ್ಟರು. "ಅಯ್ಯೋ ದೇವರೇ! ನೀವು ಇಂಥೋರು ಅಂತ ನಂಗೆ ಗೊತ್ತೇ ಇರ್ಲಿಲ್ಲ ಕಣ್ರೀ. ಏನ್ ನಾಟ್ಕ, ಏನ್ ನಾಟ್ಕ! ಅರ್ಚಿತಾಗೆ ಹೇಳ್ಬೇಕು, ನಿಮ್ಮಮ್ಮ ಎಂಥಾ ನಟಿ ಅಂತ." ಎರಡು ದಿನದಲ್ಲಿ ಅವರು ಇಷ್ಟು ಮನಸಾರೆ ನಕ್ಕಿದ್ದು ಇದೇ ಮೊದಲು. ವಿಜಯಲಕ್ಷ್ಮೀಯೂ ನಕ್ಕಳು. ನಗದಿದ್ದರೆ ಚೆನ್ನಾಗಿರುತ್ತಿರಲಿಲ್ಲ.

ಮೂವತ್ತೊಂದು ವರ್ಷ ಅವಳು ಕಾಲೇಜಿನ ಗ್ರಂಥಾಲಯದಲ್ಲಿ ಕಿಟಕಿಯ ಆ ಕಡೆ ಕೂತಿದ್ದಳು. ಜ್ವರ ಬಂದಿತ್ತು ಮೇಡಂ, ಅಜ್ಜಿ ತೀರಿಕೊಂಡಿತ್ತು ಮೇಡಂ, ಪುಸ್ತಕ ಮಳೆಯಲ್ಲಿ ನೆನೆಯಿತು ಮೇಡಂ. ಎಲ್ಲ ಮುಖಗಳನ್ನೂ ನೋಡಿದ್ದಳು. ಒಂದು ಹುಡುಗಿ ಒಂದೇ ವರ್ಷದಲ್ಲಿ ಎರಡು ಸಲ ಅದೇ ಅಜ್ಜಿಯನ್ನು ಸಾಯಿಸಿದಾಗ, ಎಲ್ಲರ ಎದುರಿಗೆ, ನಿಮ್ಮಜ್ಜಿ ಹೋದ ಸೆಪ್ಟೆಂಬರಿನಲ್ಲೂ ತೀರಿಕೊಂಡಿದ್ದಳಲ್ಲ ಎಂದು ಕೇಳಿದ್ದಳು. ಸಾಲಿನಲ್ಲಿ ನಿಂತವರೆಲ್ಲ ನಕ್ಕಿದ್ದರು. ಆ ಹುಡುಗಿಯ ಕುತ್ತಿಗೆ ಕೆಂಪಾದದ್ದು, ಅವಳು ಮತ್ತೆ ಗ್ರಂಥಾಲಯಕ್ಕೆ ಬಾರದೇ ಹೋದದ್ದು ಈಗ, ಇಷ್ಟು ವರ್ಷದ ಮೇಲೆ, ಬಂಡೆಗಳ ನಡುವಿನ ಕೆಂಪು ರಸ್ತೆಯಲ್ಲಿ ಕಾರು ಏರುತ್ತಿರುವಾಗ ಯಾಕೆ ನೆನಪಾಗಬೇಕು. ರಸ್ತೆಯ ಅಂಚಿನಲ್ಲಿ ಜನ ಸಾಲಾಗಿ ನಡೆಯುತ್ತಿದ್ದರು. ಕಾರು ಬಂದಾಗ ಪಕ್ಕಕ್ಕೆ ಸರಿದು, ಮುಂದಿನ ಗಾಜಿಗೆ ಅಂಟಿಸಿದ ಹಳದಿ ಚೀಟಿಯನ್ನು ನೋಡಿ, ಒಳಗೆ ಯಾರು ಅಂಥವರು ಎಂದು ಬಗ್ಗಿ ನೋಡುತ್ತಿದ್ದರು. ಒಬ್ಬ ತಾಯಿ ಮಗುವನ್ನು ಎಳೆದು ದಾರಿ ಬಿಡಿಸಿದಳು, ಕೈ ಮುಗಿದಂತೆಯೂ ಮಾಡಿದಳು. ವಿಜಯಲಕ್ಷ್ಮೀ ಸೆರಗನ್ನು ಕಿವಿಯ ತನಕ ಎಳೆದುಕೊಂಡಳು.

ಗೋಪುರದ ಬುಡದಲ್ಲಿ ಐದು ಕಾರು ನಿಂತಿದ್ದವು, ಜನ ಯಾರೂ ಇರಲಿಲ್ಲ. ಇಪ್ಪತ್ತು ಮೆಟ್ಟಿಲು. ಆರು ಮೆಟ್ಟಿಲನ್ನು ಎಂದಿನಂತೆ ಬಿರಬಿರನೆ ಹತ್ತಿದ ಮೇಲೆ ಕೈಯಲ್ಲಿ ಕೋಲಿರುವುದು ನೆನಪಾಗಿ ಅವಳು ತಟ್ಟನೆ ನಿಂತು ಕೆಳಗೆ ನೋಡಿದಳು. ಜಂಬುನಾಥ ನೋಡುತ್ತಿದ್ದವನು ಕೂಡಲೇ ಬಗ್ಗಿ ಟೈರಿನಲ್ಲಿ ಏನೋ ಕಲ್ಲು ಸಿಕ್ಕಿಕೊಂಡಿದೆಯೆಂಬಂತೆ ಕೆರೆಯತೊಡಗಿದ. ಅವನು ನಕ್ಕುಬಿಟ್ಟಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ. "ಈಗ್ಯಾಕೆ ನಿಂತ್ರಿ? ಇಲ್ಲಿ ಯಾರೂ ಇಲ್ವಲ್ಲ, ಬನ್ನಿ," ಎಂದರು ಹಿಂದಿನಿಂದ ಏದುಸಿರು ಬಿಡುತ್ತ ಚಂದ್ರಕಲಾ. ಮೇಲೆ ಕಟ್ಟೆಯ ಮೇಲೆ ಕೂತು ತಮ್ಮ ನೀರಿನ ಬಾಟಲಿಯ ಮುಚ್ಚಳ ತೆಗೆದು ಮೊದಲು ಅವಳಿಗೇ ಕೊಟ್ಟರು. ಎದುರಿನ ಗುಡ್ಡದಲ್ಲಿ ಇಬ್ಬರು ಆಳುಗಳು ಬಂಡೆಗೆ ಬೆಲ್ಲದ ಪಾಕ ಸವರುತ್ತಿದ್ದರು. ಸವರಿ, ಕೊಡ ಎತ್ತಿಕೊಂಡು, ತಿರುಗಿ ನೋಡದೆ ಹೊರಟುಹೋದರು. ಮೇಲೆ ಮೊದಲೇ ಬಂದವರ ಜತೆ ನಡೆದು ಬಂದವರೂ ಒಬ್ಬೊಬ್ಬರಾಗಿ ಸೇರಿಕೊಂಡರು. ಇನ್ನು ಕಾಯುವುದಷ್ಟೇ.

ಆಗ ಫೋನು ಬಡಿಯಿತು. ಕಂಪ್ಲಿಯಿಂದ ತಂಗಿ ಸುಕನ್ಯಾ.

"ಅಕ್ಕಾ, ಎಲ್ಲಿದ್ದೀ? ಯಾಕಿಷ್ಟು ಸಣ್ಣ ದನೀಲೆ ಮಾತಾಡ್ತಿ?"

"ಕರಡಿ ನೋಡ್ಲಿಕ್ಕೆ ಬಂದೀವಿ. ಸಪ್ಪಳ ಮಾಡಬಾರ್ದು."

"ಹೌದಾ! ಬೀಗ್ತೀನ್ನ ಕರಕೊಂಡು ಹೋಗೀಯೇನು? ಮಸ್ತ್ ಆತು ನೋಡು. ಅಲ್ಲೆ ಕಾಲಿನ ಚೀಟಿ ಅಂತ ಏನೋ ಕೊಡ್ತಾರಂತಲ್ಲ, ಪೇಪರ್‌ನ್ಯಾಗ ಓದಿದ್ದೆ. ನನ್ನಂಥಾಕಿಗೆ ಗಾಡಿ ಮ್ಯಾಲಿನ ತನಕಾ ಬಿಡ್ತಾರಂತ. ಒಮ್ಮೆ ನನ್ನನ್ನೂ ಕರಕೊಂಡು ಹೋಗ. ನನಗ ಅರವತ್ತಾರು ವರ್ಷ ಆತು, ನನ್ನ ಕಾಲಿನಿಂದ ನಿಮಗೂ ಒಂದಿನ ಉಪಯೋಗ ಆಗ್ಲಿ." ಅವಳು ಯಾವಾಗಿನಂತೆ ತನ್ನ ಮಾತಿಗೆ ತಾನೇ ದೊಡ್ಡದಾಗಿ ನಕ್ಕಳು. ನಗು ಫೋನಿನಿಂದ ಹೊರಗೆ ಬಿದ್ದು ಅಕ್ಕಪಕ್ಕದವರು ತಿರುಗಿ ನೋಡಿದರು.

"ಆಮ್ಯಾಲೆ ಮಾಡ್ತೀನಿ," ಎಂದಳು ವಿಜಯಲಕ್ಷ್ಮೀ.

ಇಷ್ಟು ವರ್ಷ ಅವಳನ್ನು ಯಾಕೆ ಕರೆದುಕೊಂಡು ಬರಲಿಲ್ಲ? ಕಂಪ್ಲಿಯಿಂದ ಇಲ್ಲಿಗೆ ಎಷ್ಟು ದೂರ. ಸುಕನ್ಯಾಗೆ ಆಗುವುದಿಲ್ಲ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು, ಪ್ರೀತಿಯಿಂದಲೇ. ಸುಕನ್ಯಾಳನ್ನು ಮಾತ್ರ ಯಾರೂ ಕೇಳುತ್ತಿರಲಿಲ್ಲ. ಎರಡನೇ ವರ್ಷದಲ್ಲಿ ಜ್ವರ ಬಂದು ಬಲಗಾಲು ಸಣ್ಣಗಾಯಿತು, ಆಮೇಲೆ ಕಬ್ಬಿಣದ ಪಟ್ಟಿಯ ಬೂಟು. ಟಕ್, ಸರ್ರ್. ಟಕ್, ಸರ್ರ್. ಸಂಜೆ ಶಾಲೆ ಬಿಟ್ಟು ಕಾಲುವೆಯ ದಂಡೆಯ ಮೇಲೆ ಮನೆಗೆ ಬರುವಾಗ ಎಂಟು ವರ್ಷದ ಸುಕನ್ಯಾ ಮುಂದೆ, ಹನ್ನೊಂದರ ತಾನು ಗೆಳತಿಯರೊಂದಿಗೆ ಹಿಂದೆ. ಮೊದಲು ಮಾಡಿದ್ದು ಯಾರೋ ಬೇರೆ ಹುಡುಗಿ. ನಿನಗೆ ಬರುವುದಿಲ್ಲ, ಹೀಗಲ್ಲ, ಹೀಗೆ ಎಂದು ತೋರಿಸಿಕೊಟ್ಟದ್ದು ತಾನು. ಪಾದದ ಹೊರ ಅಂಚನ್ನು ಸವರಿಸಬೇಕು, ಸೊಂಟವನ್ನು ಕೊನೆಗೆ ತರಬೇಕು. ಅಕ್ಕನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತದೆ? ಗೆಳತಿಯರು ಬಾಯಿಗೆ ಲಂಗ ಒತ್ತಿಕೊಂಡು ನಕ್ಕಿದ್ದರು. ಸೂರ್ಯ ಬೆನ್ನ ಹಿಂದೆ ಇದ್ದದ್ದು ಯಾರಿಗೂ ಹೊಳೆದಿರಲಿಲ್ಲ. ಎಲ್ಲರ ನೆರಳೂ ಉದ್ದವಾಗಿ ಸುಕನ್ಯಾಳನ್ನು ದಾಟಿ ಅವಳ ಮುಂದೆ ಬಿದ್ದಿತ್ತು. ತನ್ನ ನೆರಳಿನ ಪಕ್ಕ ಇನ್ನೊಂದು ನೆರಳು ತನ್ನ ಹಾಗೆಯೇ ಕುಂಟುತ್ತ ಬರುವುದನ್ನು ಅವಳು ಎಷ್ಟು ಹೊತ್ತು ನೋಡಿಕೊಂಡು ನಡೆದಳೋ. ತಿರುಗಲಿಲ್ಲ, ಅಳಲಿಲ್ಲ, ಮನೆಯಲ್ಲಿ ಅಪ್ಪನಿಗೆ ಹೇಳಲಿಲ್ಲ. ದಂಡೆಯ ಬದಿಗೆ ಸರಿದು ನಿಂತು, ಎಲ್ಲರಿಗೂ ಮುಂದೆ ಹೋಗಲು ಬಿಟ್ಟಳು. ಅಂದಿನಿಂದ ಇಂದಿನ ತನಕ, ದೇವಸ್ಥಾನಕ್ಕಾಗಲಿ ಮದುವೆಗಾಗಲಿ, ಅವಳು ಯಾವಾಗಲೂ ಎಲ್ಲರ ಹಿಂದೆಯೇ ನಡೆದಳು. ವಿಜಯಲಕ್ಷ್ಮೀ ನಿಂತು ತಿರುಗಿದಾಗಲೆಲ್ಲ ಸುಕನ್ಯಾ ಎದುರಿನಿಂದ ಬರುತ್ತಿರುವುದನ್ನು ಮಾತ್ರ ನೋಡಿದ್ದಾಳೆ, ನಗುತ್ತ, ಹೋಗ್ರಿ ಹೋಗ್ರಿ, ಬರ್ತೀನಿ ಎಂದು ಕೈ ಬೀಸುತ್ತ. ಹಿಂದಿನಿಂದ ನೋಡಿದ್ದು ಆ ಸಂಜೆಯೇ ಕೊನೆ.

ಮೆಟ್ಟಿಲ ಮೇಲೆ ಮರದ ಸಪ್ಪಳವಾಯಿತು. ಒಂದು ಸಪ್ಪಳ, ಒಂದು ಉಸಿರು, ಮತ್ತೊಂದು ಸಪ್ಪಳ. ಮೇಲೆ ಬಂದವನು ಅರವತ್ತರ ಆಸುಪಾಸಿನವನು, ಕಂಕುಳಲ್ಲಿ ಊರುಗೋಲು, ಎಡಗಾಲು ಮೊಣಕಾಲಿಗೇ ಮುಗಿದು ಪಂಚೆ ಮಡಿಸಿ ಕಟ್ಟಿತ್ತು. ಹಿಂದೆ ಹೆಂಡತಿ, ಮೊಮ್ಮಗಳು. ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿಕೊಂಡಿತ್ತು. ಎಲ್ಲರೂ ಸರಿದು ಜಾಗ ಮಾಡಿದರು. ಅವನು ಕಟ್ಟೆಯ ಮೇಲೆ ಕೂತು, ಊರುಗೋಲನ್ನು ಪಕ್ಕಕ್ಕಿಟ್ಟು, ನಿಂತಿದ್ದ ವಿಜಯಲಕ್ಷ್ಮೀಯ ಕೈಯ ಕೋಲನ್ನು ನೋಡಿದ ಕೂಡಲೇ ಮತ್ತೆ ಅರ್ಧ ಎದ್ದ.

"ಬರ್ರಿ ಅಮ್ಮಾ, ಕುಂದ್ರಿ. ಚೆನ್ನಬಸಮ್ಮ, ಜರ ಸರೀ, ಅಮ್ಮಾರಿಗೆ ಕಾಲ ನೋವೈತಿ."

"ಬ್ಯಾಡ, ಬ್ಯಾಡ. ನೀವು ಕೂಡ್ರಿ."

"ಕುಂದ್ರಿ ತಾಯಿ. ಕಾಲಿಲ್ದೋರ ಕಷ್ಟ ಕಾಲಿಲ್ದೋರಿಗೇ ಗೊತ್ತು," ಎಂದು ಅವನ ಹೆಂಡತಿ ಸೆರಗಿನಿಂದ ಕಟ್ಟೆಯ ಧೂಳು ಒರೆಸಿದಳು. ವಿಜಯಲಕ್ಷ್ಮೀ ಕೂತಳು. ಅವನ ಹೆಸರು ಹುಲುಗಪ್ಪ, ಯಶವಂತನಗರದಿಂದ ಆಟೋ ಮಾಡಿಕೊಂಡು ಬಂದಿದ್ದರು. ಗಣಿಯಲ್ಲಿ ಕೆಲಸಕ್ಕಿದ್ದಾಗ ಲಾರಿ ಕಾಲಿನ ಮೇಲೆ ಹೋಗಿತ್ತು. ಮೊಮ್ಮಗಳು ಒಂದು ವರ್ಷದಿಂದ ಕರಡಿ ಕರಡಿ ಎಂದು ಜೀವ ತಿನ್ನುತ್ತಿದ್ದಳು. ಇದನ್ನೆಲ್ಲ ಅವನು ಯಾರೂ ಕೇಳದೆಯೇ, ಒಂದೇ ಊರಿನವರಿಗೆ ಹೇಳುವಂತೆ ಹೇಳಿದ. ನಿಮ್ಮದು ಹೇಗಾಯಿತು ಎಂದು ಮಾತ್ರ ಕೇಳಲಿಲ್ಲ. ಅವನಿಗೆ ಅಷ್ಟು ನಾಜೂಕಿತ್ತು.

ಕೇಳಿದವನು ಬೇರೆ, ಕೇಳಿದ್ದೂ ಬೇರೆ. ಮೂಲೆಯಲ್ಲಿ ದುರ್ಬೀನು ಹಿಡಿದು ನಿಂತಿದ್ದ ಫಾರೆಸ್ಟರ್ ಗವಿಸಿದ್ದಪ್ಪ ಹತ್ತಿರ ಬಂದ. "ಏನಜ್ಜಾ, ನಡಕೊಂತ ಬಂದಿಯೇನು? ಕಾಲಿನ ಚೀಟಿ ತಗೊಳ್ಳಿಲ್ಲ?"

"ಮುಗದಾವಂತ್ರಿ ಸಾಹೇಬ್ರ. ಆ ಅಕ್ಕಾರು ಭಾಳ ಪೇಚಾಡಿಕೊಂಡ್ರು. ಈಗಾ ಒಂದು ಹತ್ತು ಮಿನಿಟಿನ ಹಿಂದ ಕಡೀದು ಹೋತು ಅಂದ್ರು. ಇರ್ಲಿ ಬಿಡ್ರಿ, ನಿಂತು ನಿಂತು ಬಂದ್ವಿ."

"ಮುಗದಾವ? ಆರೂ ಮುಗದಾವ?" ಗವಿಸಿದ್ದಪ್ಪ ಗೋಪುರದ ಮೇಲಿದ್ದವರ ಕಾಲುಗಳನ್ನೆಲ್ಲ ಒಂದು ಸುತ್ತು ನೋಡಿದ. ಅವನ ಕಣ್ಣು ವಿಜಯಲಕ್ಷ್ಮೀಯ ಕೋಲಿನ ಮೇಲೆ ಒಂದು ಗಳಿಗೆ ನಿಂತು ಮುಂದೆ ಹೋಯಿತು. "ಮ್ಯಾಲ ಆರು ಕಾರ ನಿಂತಾವ, ಎಲ್ಲಾರೂ ಟಣ್ ಟಣ್ ಅಂತ ಓಡ್ಯಾಡಾಕತ್ತಾರ. ಈ ನೀಲಗಂಗಮ್ಮಗ ಎರಡು ಸಲ ಹೇಳೀನಿ. ಕಣ್ಣೀರು ಹಾಕಿದೋರಿಗೆಲ್ಲಾ ಹರದು ಕೊಡ್ತಾಳ. ಇವತ್ತು ಬುಕ್ ನೋಡೇ ಬಿಡ್ತೀನಿ. ಒಂದು ಸುಳ್ಳು ಸಿಕ್ಕರ ನಾಳಿಂದ ಆಕಿ ಬರೂದು ಬ್ಯಾಡ." ದುರ್ಬೀನನ್ನು ಕೊರಳಿಗೆ ಹಾಕಿಕೊಂಡು ಮೆಟ್ಟಿಲಿಳಿದ. ಅವನ ಬೈಕಿನ ಸದ್ದು ಇಳಿಜಾರಿನಲ್ಲಿ ಕರಗಿತು.

ಅವನು ಮೆಟ್ಟಿಲಿಳಿಯುವಷ್ಟು ಹೊತ್ತು ಸಮಯವಿತ್ತು. ನಿಲ್ರಿ ಎಂದರೆ ಸಾಕಾಗಿತ್ತು. ಬಾಯಿ ತೆರೆದದ್ದೂ ನಿಜ. ಪಕ್ಕದಲ್ಲಿ ಹುಲುಗಪ್ಪನ ಬೆವರಿನ ವಾಸನೆ, ಅವನ ಹೆಂಡತಿ ಒರೆಸಿ ಕೊಟ್ಟ ಕಟ್ಟೆಯ ತಂಪು. ಇವರೆದುರಿಗೆ ಹೇಗೆ ಹೇಳುವುದು? ಚಂದ್ರಕಲಾ ಅವಳ ಮೊಣಕೈಯನ್ನು ಮೆಲ್ಲಗೆ ತಿವಿದು, "ಕೋಲು ಸರಿಯಾಗಿ ಹಿಡ್ಕೊಳ್ಳಿ" ಎಂದು ಪಿಸುಗುಟ್ಟಿದರು. ಈ ಸಲ ಅವರ ದನಿಯಲ್ಲಿ ನಗುವಿರಲಿಲ್ಲ.

ಕರಡಿಗಳು ಬಂದವು. ಮೊದಲು ಒಂದು ಗಂಡು, ಆಮೇಲೆ ಬೆನ್ನ ಮೇಲೆ ಮರಿಯನ್ನು ಹೊತ್ತ ತಾಯಿ. ಮೊಮ್ಮಗಳು ಅಜ್ಜನ ಹೆಗಲು ಹಿಡಿದು ಕುಣಿದಳು. ಬಂಡೆ ನೆಕ್ಕುವ ಕಪ್ಪು ಬೆನ್ನುಗಳನ್ನು ಎಲ್ಲರೂ ಉಸಿರು ಹಿಡಿದು ನೋಡುತ್ತಿದ್ದರೆ ವಿಜಯಲಕ್ಷ್ಮೀಗೆ ಕಂಡದ್ದು ದುಂಡಗಿನ ಅಕ್ಷರ. ಬಲಗಾಲು. ಮತ್ತು ಪುಸ್ತಕದ ಮೇಲೆ ಬೆರಳಿಟ್ಟು ಬರುತ್ತಿರುವ ಒಬ್ಬ ಗಂಡಸು. ಸುಳ್ಳು ಹೇಳಿದವಳು ಬೀಗಿತ್ತಿಯ ಜತೆ ಮನೆಗೆ ಹೋಗಿ ರಾತ್ರಿ ಊಟಕ್ಕೆ ಏನು ಮಾಡಲಿ ಎಂದು ಕೇಳುತ್ತಾಳೆ. ನಂಬಿದವಳು ಖಾಕಿ ಅಂಗಿ ಬಿಚ್ಚಿಟ್ಟು ಕಮಲಾಪುರದ ಬಸ್ಸು ಹತ್ತುತ್ತಾಳೆ. ಇಲ್ಲ. ಹೇಳಲೇಬೇಕು. ಗೇಟಿಗೆ ನೆಟ್ಟಗೆ ನಡೆದುಹೋಗಿ, ಕೋಲನ್ನು ಮೇಜಿನ ಮೇಲಿಟ್ಟು, ತಪ್ಪು ನನ್ನದು, ಇವಳಿಗೆ ಗೊತ್ತಿರಲಿಲ್ಲ ಎಂದು ಅವನಿಗೇ ಹೇಳುತ್ತೇನೆ. ಹಾಗೆ ಅಂದುಕೊಂಡ ಮೇಲೆ ಎದೆ ಸ್ವಲ್ಪ ಹಗುರಾಯಿತು.

ಬೆಳಕು ಇಳಿಯತೊಡಗಿ ಜನ ಹೊರಟಾಗ ಅವಳು ಜಂಬುನಾಥನನ್ನು ಕರೆದು, ಹುಲುಗಪ್ಪನನ್ನೂ ಮನೆಯವರನ್ನೂ ಕೆಳಗಿನ ತನಕ ಬಿಡಲು ಹೇಳಿದಳು. ಮುಂದೆ ಹುಲುಗಪ್ಪ, ಹಿಂದೆ ಚಂದ್ರಕಲಾ, ಚೆನ್ನಬಸಮ್ಮ, ಹುಡುಗಿ, ಕಾರು ತುಂಬಿತು.

"ಮತ್ತ ನೀವು ತಾಯಿ? ಆ ಕಾಲೀಲೆ?" ಎಂದ ಹುಲುಗಪ್ಪ.

"ನಾ ಬರ್ತೀನಿ. ಇಳಿಜಾರೈತಿ."

"ಅಮ್ಮಾರು ಬರ್ತಾರ ಬಿಡಜ್ಜ," ಎಂದ ಜಂಬುನಾಥ, ಗೇಟು ದಾಟಿದ ಮೇಲೆ ಮೊದಲ ಸಲ ಬಾಯಿ ಬಿಟ್ಟು, ಬೇಗ ಬೇಗ. ಚಂದ್ರಕಲಾ ಸರಿದು ಹುಡುಗಿಯನ್ನು ತೊಡೆಗೆ ಒತ್ತಿ ಕೂರಿಸಿಕೊಂಡರು.

ಒಂದೂವರೆ ಕಿಲೋಮೀಟರನ್ನು ಅವಳು ನೆಟ್ಟಗೆ ನಡೆದಳು. ಕೋಲನ್ನು ಊರದೆ, ಕೊಡೆಯಂತೆ ಕಂಕುಳಲ್ಲಿ ಇಟ್ಟುಕೊಂಡು. ಕಾಲುಗಳು ಎಷ್ಟು ಚೆನ್ನಾಗಿದ್ದವು! ಮೊಣಕಾಲು ಮಡಚುವುದು, ಹಿಮ್ಮಡಿ ಊರುವುದು, ಬೆರಳು ನೆಲವನ್ನು ಒದೆಯುವುದು, ಒಂದೊಂದೂ ಗೊತ್ತಾಗುತ್ತಿತ್ತು. ಮಧ್ಯಾಹ್ನ ಕೇಳಿದ್ದರೂ ಹೀಗೇ ನಡೆಯುತ್ತಿದ್ದವು; ಕೇಳಲಿಲ್ಲ. ಏನು ಹೇಳಬೇಕೆಂದು ಮನಸ್ಸಿನಲ್ಲಿ ಜೋಡಿಸುತ್ತ ಬಂದಳು. ನೋಡ್ರಿ, ನಾನು ಓದಿದಾಕಿ. ಅಲ್ಲ, ಅದು ಬೇಡ. ನೋಡ್ರಿ, ನನಗ ಏನೂ ಆಗಿಲ್ಲ. ಸೂರ್ಯ ಬೆನ್ನ ಹಿಂದೆ ಗುಡ್ಡಕ್ಕೆ ತಾಗಿದ್ದ. ಅವಳ ನೆರಳು ಮುಂದೆ ಉದ್ದಕ್ಕೆ, ನೆಟ್ಟಗೆ ನಡೆಯುತ್ತಿತ್ತು.

ಕೊನೆಯ ತಿರುವಿನಲ್ಲಿ ಹುಣಸೆಮರದ ಮರೆಯಿಂದ ಗೇಟು ಕಂಡಿತು. ಗವಿಸಿದ್ದಪ್ಪ ಮೇಜಿನ ಮೇಲೆ ಪುಸ್ತಕ ತೆರೆದು ನಿಂತಿದ್ದ. ನೀಲಗಂಗಮ್ಮ ಎದುರಿಗೆ ಎರಡೂ ಕೈಗಳನ್ನು ಹೊಟ್ಟೆಯ ಮೇಲೆ ಕಟ್ಟಿಕೊಂಡು ನಿಂತಿದ್ದಳು. ನೆಲದ ಮೇಲೆ ಹರಿದ ಬುತ್ತಿ, ರೊಟ್ಟಿಯ ಚೂರು. ಕೋಲಿಲ್ಲದ ಮಧ್ಯಾಹ್ನ ಮಂಗಗಳು ಬಂದು ಹೋಗಿದ್ದವು. ಅವನ ದನಿ ಮರದ ತನಕ ಸ್ಪಷ್ಟವಾಗಿ ಬರುತ್ತಿತ್ತು.

"ಐದು ಆತು. ಐದೂ ಖರೇನ ಅದಾವ ಅಂತಿಟ್ಕೋ. ಈ ಆರನೇದು? ವಿಜಯಲಕ್ಷ್ಮೀ, ಬಲಗಾಲು. ಎಲ್ಲಿ ಆಕಿ? ಕಾರ ಬಂತು, ಆಕಿ ಬರ್ಲಿಲ್ಲ. ಕುಂಟೋ ಹೆಂಗಸು ಕಾರ ಬಿಟ್ಟು ನಡಕೊಂತ ಬರ್ತಾಳೇನು?"

"ಖರೇನ ಕುಂಟ್ತಾರ್ರೀ ಸಾಹೇಬ್ರ. ನಾ ಕಣ್ಣಾರೆ ನೋಡೀನಿ."

"ಹುಚ್ಚಿ ಅದೀ ನೀನು. ಬರ್ಲಿ ಆಕಿ, ನಾನೂ ನೋಡ್ತೀನಿ. ನೆಟ್ಟಗ ನಡದು ಬಂದ್ಲಂದ್ರ ಅಂಗಿ ಬಿಚ್ಚಿಟ್ಟು ಹೋಗು."

ವಿಜಯಲಕ್ಷ್ಮೀ ಮರದ ಹಿಂದೆ ನಿಂತಳು. ತನ್ನ ನಿಜ ಏನು ಮಾಡುತ್ತದೆ ಎಂದು ಆಗ ಗೊತ್ತಾಯಿತು. ಅದು ತನ್ನನ್ನು ತೊಳೆದು ಮನೆಗೆ ಕಳಿಸುತ್ತದೆ, ಆ ಹೆಂಗಸಿನ ಅಂಗಿ ಬಿಚ್ಚಿಸುತ್ತದೆ. ತಪ್ಪು ನನ್ನದು ಎಂದರೆ ಗವಿಸಿದ್ದಪ್ಪ ಕೇಳುವುದಿಲ್ಲ. ಅವನಿಗೆ ಬೇಕಾದದ್ದು ಒಂದು ಸುಳ್ಳು ಚೀಟಿ. ಇಷ್ಟು ದಾರಿ ಜೋಡಿಸಿಕೊಂಡು ಬಂದ ಮಾತೆಲ್ಲ ತನಗೋಸ್ಕರವೇ ಇತ್ತು. ಕಂಕುಳಿನಿಂದ ಕೋಲನ್ನು ತೆಗೆದಳು. ಕುಂಟಬೇಕೆಂದರೆ ಈಗ ಬಾರದು. ಮಧ್ಯಾಹ್ನ ತಾನಾಗಿಯೇ ಬಂದದ್ದು ಈಗ ಕರೆದರೂ ಬಾರದು. ಹೇಗೆ ನಡೆಯುತ್ತಾಳೆ ಸುಕನ್ಯಾ? ಕಣ್ಣು ಮುಚ್ಚಿದಳು. ಕಾಲುವೆಯ ದಂಡೆ ಬರಲಿಲ್ಲ. ಬಂದದ್ದು ದೇವಸ್ಥಾನದ ಅಂಗಳ, ಮದುವೆಯ ಮನೆಯ ಉದ್ದನೆಯ ಓಣಿ, ಎದುರಿನಿಂದ ನಗುತ್ತ ಬರುತ್ತಿರುವ ಬಿಳಿ ಕೂದಲಿನ ತಂಗಿ, ಒಂದು ಕಡೆಗೆ ವಾಲಿ, ನೆಟ್ಟಗಾಗಿ, ಮತ್ತೆ ವಾಲಿ. ಆ ಮುಖವನ್ನೇ ನೋಡುತ್ತ, ಕನ್ನಡಿಯನ್ನು ನೋಡಿ ನಡೆಯುವವರಂತೆ, ಅವಳು ವಾಲಿದ ಕಡೆಗೇ ವಾಲುತ್ತ, ವಿಜಯಲಕ್ಷ್ಮೀ ಮರದ ಮರೆಯಿಂದ ಹೊರಗೆ ಬಂದಳು.

ಗವಿಸಿದ್ದಪ್ಪ ಪುಸ್ತಕ ಬಿಟ್ಟು ನೋಡಿದ. ಕಾರಿನ ಪಕ್ಕ ಊರುಗೋಲಿನ ಮೇಲೆ ನಿಂತಿದ್ದ ಹುಲುಗಪ್ಪ ಕೂಗಿದ: "ಬಂದ್ರು ನೋಡ್ರಿ! ನಮಗ ಕಾರ ಬಿಟ್ಟುಕೊಟ್ಟು ಆ ಕಾಲೀಲೆ ನಡಕೊಂತ ಬಂದಾರ್ರೀ ಸಾಹೇಬ್ರ. ನಾ ಹೇಳಿದ್ರ ನೀವು ಕಿವ್ಯಾಗ ಹಾಕ್ಕೊಳ್ಳಿಲ್ಲ." ಚಂದ್ರಕಲಾ ಕಾರಿನಿಂದ ಇಳಿದು, "ನಿಧಾನ ಕಣ್ರೀ, ನಿಧಾನ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಗವಿಸಿದ್ದಪ್ಪನ ಮುಖ ಸಡಿಲಾಯಿತು. ಟೊಪ್ಪಿಗೆ ತೆಗೆದು ಎರಡು ಹೆಜ್ಜೆ ಮುಂದೆ ಬಂದ.

"ಭಾಳ ದೊಡ್ಡ ಮನಸ್ಸು ಅಮ್ಮಾ ನಿಮ್ದು. ಇಂಥ ಮಂದೀನೂ ಅದಾರ."

ಅವಳು ತಲೆ ತಗ್ಗಿಸಿದಳು. ಆ ಮಾತಿನಿಂದ ತಪ್ಪಿಸಿಕೊಳ್ಳಲು ಎಲ್ಲೂ ಜಾಗವಿರಲಿಲ್ಲ. ಅಷ್ಟರಲ್ಲಿ ನೀಲಗಂಗಮ್ಮ ಓಡಿ ಬಂದು ಅವಳ ತೋಳನ್ನು ಹಿಡಿದಳು, ಕೋಲನ್ನು ಇಸಿದುಕೊಂಡಳು. ಕೈ ಒರಟಾಗಿತ್ತು, ಬೆಚ್ಚಗಿತ್ತು. ಬಗ್ಗಿ, ಬಿದ್ದ ಸೆರಗನ್ನು ಎತ್ತಿ ಹೆಗಲಿಗೆ ಹೊದಿಸುವವಳಂತೆ ಕಿವಿಯ ಹತ್ತಿರ ಬಾಯಿ ತಂದಳು.

"ಬಲಗಾಲ್ರೀ ಅಮ್ಮಾ. ಬಲಗಾಲು. ಬುಕ್ಕಿನ್ಯಾಗ ಬಲಗಾಲ ಐತಿ."

ವಿಜಯಲಕ್ಷ್ಮೀಗೆ ಒಂದು ಗಳಿಗೆ ಕೇಳಿಸಿದ್ದು ಅರ್ಥವಾಗಲಿಲ್ಲ. ಆಮೇಲೆ ಕೆಳಗೆ ನೋಡಿದಳು. ಧೂಳಿನಲ್ಲಿ ಎಳೆದ ಗೆರೆ ಎಡಪಾದದ ಹಿಂದೆ ಇತ್ತು.

ನೀಲಗಂಗಮ್ಮ ಮುಖ ನೋಡಲಿಲ್ಲ. ಗವಿಸಿದ್ದಪ್ಪನಿಗೆ ಆ ಗೆರೆ ಕಾಣದಂತೆ ಈ ಕಡೆಗೆ ಸುತ್ತಿ ಬಂದು, ತನ್ನ ಚಪ್ಪಲಿಯಿಂದ ಅದನ್ನು ಅಳಿಸುತ್ತ, ಅವಳ ಭಾರವನ್ನೆಲ್ಲ ತನ್ನ ಮೇಲೆ ಹಾಕಿಕೊಳ್ಳುವವಳಂತೆ ತೋಳನ್ನು ಬಿಗಿ ಹಿಡಿದು ಕಾರಿನ ಕಡೆ ತಿರುಗಿಸಿದಳು. ಜಂಬುನಾಥ ಬಾಗಿಲು ತೆರೆದು ಹಿಡಿದಿದ್ದ. "ಹೋಗಿ ಬರ್ರಿ," ಎಂದು ಕೈ ಬಿಟ್ಟಳು.

ಹತ್ತು ಹೆಜ್ಜೆ. ಅವರೆಲ್ಲ ಬೆನ್ನ ಹಿಂದೆ ಇದ್ದರು, ಹುಲುಗಪ್ಪ, ಅವನ ಹೆಂಡತಿ, ಟೊಪ್ಪಿಗೆ ಕೈಯಲ್ಲಿ ಹಿಡಿದ ಗವಿಸಿದ್ದಪ್ಪ, ಕೋಲು ಹಿಡಿದ ನೀಲಗಂಗಮ್ಮ. ವಿಜಯಲಕ್ಷ್ಮೀ ಬಲಗಾಲನ್ನು ಹಿಂದೆ ಬಿಟ್ಟಳು, ಪಾದದ ಹೊರ ಅಂಚನ್ನು ನೆಲಕ್ಕೆ ತಾಗಿಸಿದಳು, ಸೊಂಟವನ್ನು ಕೊನೆಗೆ ತಂದಳು. ಅವಳ ನೆರಳು ಮುಂದೆ ಮುಂದೆ ಕುಂಟುತ್ತ ಹೋಗಿ ಕಾರಿನ ಬಾಗಿಲನ್ನು ಮುಟ್ಟಿತು. ಹಿಂದೆ ಯಾರೂ ನಗಲಿಲ್ಲ.